ತರಬೇತಿ ಅಂದರೆ ಬರೀ ಹೊಸಬರಲ್ಲ

ಡೊಂಬಿವಲಿಯಿಂದ ರಾತ್ರಿ ಶಾಲೆಯ ನಿವೃತ್ತ ಮಾಸ್ತರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ಜುಹು ಲೇಖನದಲ್ಲಿ, 2015ರಲ್ಲಿ ತರಬೇತಿ ಹಾರಾಟದ ಹೆಲಿಕಾಪ್ಟರೊಂದು ಸಮುದ್ರಕ್ಕೆ ಬಿತ್ತು ಎಂದಿದ್ದೀರಿ. ಕಲಿಯುವ ಹುಡುಗರನ್ನು ಕತ್ತಲಲ್ಲಿ ನಡುಸಮುದ್ರಕ್ಕೆ ಕಳಿಸಿದ ಪುಣ್ಯಾತ್ಮರು ಯಾರು? ಕಲಿಸುವವರು ಪಕ್ಕದಲ್ಲೇ ಇದ್ದೂ ಹೀಗಾಗುತ್ತದೆಯೇ? ಇದಕ್ಕೆಲ್ಲ ಈಗ ಕಂಪ್ಯೂಟರ್ ಇಲ್ಲವೇ?"

ಸಂಪಾದಕರ ಉತ್ತರ:

ಮಾಸ್ತರೇ, ತಪ್ಪು ನಮ್ಮದು. ಒಂದೇ ಸಾಲಿನಲ್ಲಿ ಮುಗಿಸಲು ಹೋಗಿ "ತರಬೇತಿ" ಎಂದು ಬರೆದುಬಿಟ್ಟೆವು. ಅವರು ಹುಡುಗರಲ್ಲ, ಕ್ಯಾಪ್ಟನ್‌ಗಳು.

2015ರ ನವೆಂಬರ್ 4ರಂದು ಪವನ್ ಹನ್ಸ್ ಎಂಬ ಸರ್ಕಾರಿ ಕಂಪನಿಯ ಹೆಲಿಕಾಪ್ಟರ್ ಅರಬ್ಬೀ ಸಮುದ್ರದ ಬಾಂಬೆ ಹೈ ತೈಲ ಪ್ರದೇಶದಲ್ಲಿತ್ತು. ಅದು ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರ. ಒಳಗಿದ್ದವರು ಇಬ್ಬರು ಪೈಲಟ್‌ಗಳು ಮಾತ್ರ. ಕತ್ತಲಲ್ಲಿ ಇಳಿಯುವ ಅಭ್ಯಾಸ ನಡೆಯುತ್ತಿತ್ತು. ಇಬ್ಬರೂ ವಾಪಸ್ ಬರಲಿಲ್ಲ.

ಕತ್ತಲಲ್ಲೇ ಯಾಕೆ? ರಿಗ್‌ನಲ್ಲಿ, ಅಂದರೆ ಸಮುದ್ರದಲ್ಲಿ ತೈಲ ತೆಗೆಯುವ ವೇದಿಕೆಯಲ್ಲಿ, ರಾತ್ರಿ ಎರಡಕ್ಕೆ ಯಾರಿಗಾದರೂ ಎದೆನೋವು ಬಂದರೆ ದಡಕ್ಕೆ ತರಬೇಕಲ್ಲ. ಆ ಇಳಿಯುವಿಕೆಯನ್ನು ಮೊದಲೇ ಮಾಡಿ ಮಾಡಿ ಕೈಗೆ ರೂಢಿಸಿಕೊಳ್ಳಬೇಕು. ನಿಮ್ಮ ರಾತ್ರಿ ಶಾಲೆಗೆ ಹೋಟೆಲ್ ಹುಡುಗರು ಬರುತ್ತಿದ್ದುದು ಅವರಿಗೆ ಬೇರೆ ಹೊತ್ತು ಇರಲಿಲ್ಲವೆಂದು. ಇವರದ್ದೂ ಹಾಗೇ.

ಆದರೆ ನಡುಸಮುದ್ರದ ಕತ್ತಲು ನಮ್ಮ ಊರಿನ ಕತ್ತಲಲ್ಲ. ಕೆಳಗೆ ನೀರೂ ಕಪ್ಪು, ಮೇಲೆ ಆಕಾಶವೂ ಕಪ್ಪು, ಎರಡೂ ಸೇರುವ ಗೆರೆಯೇ ಕಾಣುವುದಿಲ್ಲ. ಕಾಣುವುದು ರಿಗ್‌ನ ದೀಪಗಳು ಮಾತ್ರ. ಗೆರೆ ಇಲ್ಲದಿದ್ದರೆ ಒಳಕಿವಿಯೂ ಸುಳ್ಳು ಹೇಳುತ್ತದೆ. ಹೆಲಿಕಾಪ್ಟರ್ ವಾಲಿದ್ದರೂ ನೆಟ್ಟಗಿದ್ದೇವೆ ಅನ್ನಿಸುತ್ತದೆ. ಹಾಗಾಗಿ ಪೈಲಟ್ ತನ್ನ ಮೈ ಹೇಳುವುದನ್ನು ಬಿಟ್ಟು ಮುಂದಿರುವ ಮೀಟರುಗಳನ್ನು ನಂಬಬೇಕು. ಕಷ್ಟ ಬರುವುದು ಕೊನೆಯ ಗಳಿಗೆಯಲ್ಲಿ. ವೇಗವೂ ಇಳಿಯುತ್ತಿರುತ್ತದೆ, ಎತ್ತರವೂ ಇಳಿಯುತ್ತಿರುತ್ತದೆ. ಆಗಲೇ ಕಣ್ಣನ್ನು ಮೀಟರಿನಿಂದ ಕಿತ್ತು ಹೊರಗಿನ ದೀಪದ ಮೇಲೆ ಇಡಬೇಕು. ಅವತ್ತು ಆದದ್ದು ಇದೇ ಎಂದು ನಾನು ಹೇಳುತ್ತಿಲ್ಲ. ಅಭ್ಯಾಸ ಎಷ್ಟು ನಾಜೂಕಿನದು ಎಂದಷ್ಟೇ.

ಇನ್ನು ಪಕ್ಕದಲ್ಲಿ ಕಲಿಸುವವರು. ಡ್ರೈವಿಂಗ್ ಸ್ಕೂಲ್ ಕಾರಿನಲ್ಲಿ ಪಕ್ಕದವನ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಒತ್ತಿದರೆ ಕಾರು ನಿಂತಿತು, ಗಂಡಾಂತರ ಮುಗಿಯಿತು. ಹೆಲಿಕಾಪ್ಟರ್‌ನಲ್ಲಿ ಗಾಳಿಯಲ್ಲಿ ನಿಲ್ಲುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ! ಎಂಜಿನ್ ಕೈಕೊಟ್ಟಾಗ ಇಳಿಯುವ ಪಾಠವನ್ನೇ ನೋಡಿ, ಅದಕ್ಕೆ ಆಟೊರೊಟೇಶನ್ ಎನ್ನುತ್ತಾರೆ. ಎಡಗೈಯ ಹಿಡಿಕೆಯನ್ನು ತಕ್ಷಣ ಕೆಳಗೆ ಒತ್ತಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿ ರೆಕ್ಕೆಗಳನ್ನು ಜಾತ್ರೆಯ ಗಿರಗಿಟ್ಟಲೆಯ ಹಾಗೆ ತಿರುಗಿಸುತ್ತಲೇ ಇರುತ್ತದೆ. ಚಿಕ್ಕ ಹೆಲಿಕಾಪ್ಟರ್‌ಗಳಲ್ಲಿ ಹಿಡಿಕೆ ಒತ್ತಲು ಸಿಗುವುದು ಒಂದೆರಡು ಸೆಕೆಂಡು. ನೆಲ ಹತ್ತಿರ ಬಂದಾಗ ಅದೇ ಹಿಡಿಕೆಯನ್ನು ಮೇಲೆಳೆದು ಮೆತ್ತಗೆ ಕೂರಿಸಬೇಕು, ಅದೂ ಒಂದೇ ಸಲ. ಕಲಿಯುವವನು ತಪ್ಪಲಿ, ಆಮೇಲೆ ತಿದ್ದೋಣ ಎಂದು ಕಾಯುವಷ್ಟು ಹೊತ್ತು ಗುರುವಿಗೆ ಇರುವುದಿಲ್ಲ.

ಕಂಪ್ಯೂಟರ್ ಇದೆ, ಸಿಮ್ಯುಲೇಟರ್ ಎನ್ನುತ್ತಾರೆ. ಅದರಲ್ಲಿ ನೂರು ಸಲ ಬಿದ್ದರೂ ಮನೆಗೆ ಊಟಕ್ಕೆ ಹೋಗಬಹುದು. ಅಪಾಯದ ಪಾಠಗಳೆಲ್ಲ ಮೊದಲು ಅಲ್ಲೇ ಆಗಬೇಕು, ದುಬಾರಿ ಎಂಬ ನೆಪ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಆದರೂ ಒಂದು ದಿನ ರಿಗ್‌ನ ನಿಜವಾದ ಡೆಕ್ (ಇಳಿಯುವ ಕಟ್ಟೆ) ಮೇಲೆ ಇಳಿಯಲೇಬೇಕು ಅಲ್ವಾ?

ರಿಗ್‌ನಲ್ಲಿ ಅಡುಗೆ ಕೆಲಸ ಮಾಡಿದ ಕುಂದಾಪುರದ ಪರಿಚಯದವರೊಬ್ಬರು ನಮ್ಮ ಕಚೇರಿಗೆ ಬರುವುದುಂಟು. ಅಡುಗೆಯವರಿಗೂ ತರಬೇತಿ ತಪ್ಪಿದ್ದಲ್ಲ. ಹೆಲಿಕಾಪ್ಟರ್‌ನ ಎಂಜಿನ್ ಇರುವುದು ಮೇಲ್ಗಡೆ. ತಲೆಭಾರಕ್ಕೆ ಅದು ನೀರಿನಲ್ಲಿ ಮಗುಚಿಕೊಳ್ಳುವುದೇ ಜಾಸ್ತಿ. ಅದಕ್ಕೆ ಇವರನ್ನು ಗೂಡಿನಂಥದ್ದರಲ್ಲಿ ಕೂರಿಸಿ, ಕೊಳದಲ್ಲಿ ಮುಳುಗಿಸಿ, ತಲೆಕೆಳಗು ಮಾಡುತ್ತಾರೆ. "ಒಂದು ಕೈ ಕಿಟಕಿ ಮೇಲೆ ಇರಬೇಕು, ಅಲುಗಾಟ ನಿಲ್ಲುವ ತನಕ ಬೆಲ್ಟ್ ಬಿಚ್ಚಬಾರದು" ಎಂದು ಅವರು ನಮ್ಮ ಕುರ್ಚಿಯಲ್ಲೇ ಕೂತು ತೋರಿಸಿದ್ದರು.

ಎಲ್ಲವೂ ಕೆಟ್ಟ ಸುದ್ದಿಯೇ ಅಲ್ಲ. 2023ರ ಮಾರ್ಚ್ 8ರಂದು ನೌಕಾಪಡೆಯ ಧ್ರುವ ಹೆಲಿಕಾಪ್ಟರ್, ನಮ್ಮ ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ್ದು, ಮುಂಬೈ ಕರಾವಳಿಯ ಹತ್ತಿರ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಂಡಿತು. ಪೈಲಟ್ ಅದನ್ನು ಹತೋಟಿಯಲ್ಲೇ ನೀರಿಗೆ ಇಳಿಸಿದರು. ಮೂವರೂ ಬದುಕಿದರು. ಹೆಚ್ಚು ಜನ ಇದನ್ನು ನೆನಪಿಟ್ಟಿಲ್ಲ.

ಮುಂದಿನ ಸಂಚಿಕೆಯಲ್ಲಿ ಆ ಸಾಲನ್ನು ತಿದ್ದಿ ಹಾಕುತ್ತೇವೆ: "ರಾತ್ರಿ ಇಳಿಯುವ ಅಭ್ಯಾಸದಲ್ಲಿದ್ದ ಇಬ್ಬರು ಕ್ಯಾಪ್ಟನ್‌ಗಳ ಹೆಲಿಕಾಪ್ಟರ್." ಇದರಲ್ಲೂ ತಪ್ಪು ಕಂಡರೆ ಬರೆಯಿರಿ, ಮಾಸ್ತರೇ.