ಓದುಗರ ಪ್ರಶ್ನೆ: ರುವಾಂಡಾದಲ್ಲಿ ಪಡೆ ಇದ್ದೂ ಏಕೆ ತಡೆಯಲಿಲ್ಲ?

ಪ್ರಶ್ನೆ: 1994ರಲ್ಲಿ ರುವಾಂಡಾದ ನರಮೇಧ ನಡೆಯುವಾಗ ವಿಶ್ವಸಂಸ್ಥೆಯ ಸೈನಿಕರು ಅಲ್ಲೇ ಇದ್ದರಂತೆ. ಕೈಕಟ್ಟಿ ಕುಳಿತದ್ದೇಕೆ?
(ಓದುಗರೊಬ್ಬರು, ಹಾಸನ)

ಇದ್ದರು, ಸುಮಾರು 2,500 ಮಂದಿ. ಆದರೆ ಅವರನ್ನು ಕಳಿಸಿದ್ದು ಬಹುಸಂಖ್ಯಾತ ಹುಟುಗಳ ಹಿಡಿತದಲ್ಲಿದ್ದ ಸರ್ಕಾರಕ್ಕೂ ಅಲ್ಪಸಂಖ್ಯಾತ ಟುಟ್ಸಿಗಳ ಬಂಡುಕೋರರಿಗೂ 1993ರ ಆಗಸ್ಟ್‌ನಲ್ಲಿ ಆದ ಅರುಷಾ ಒಪ್ಪಂದ ಪಾಲನೆಯಾಗುವಂತೆ ನೋಡಿಕೊಳ್ಳಲು. ಕೊಲೆಗಡುಕರ ಮೇಲೆ ಬಲಪ್ರಯೋಗಿಸುವ ಅಧಿಕಾರ ಅವರನ್ನು ಕಳಿಸಿದ ಭದ್ರತಾ ಮಂಡಳಿಯ ನಿರ್ಣಯದಲ್ಲಿ ಇರಲಿಲ್ಲ. 1994ರ ಜನವರಿ 11ರಂದು ಪಡೆಯ ಮುಖ್ಯಸ್ಥ, ಕೆನಡಾದ ರೋಮಿಯೊ ಡಲ್ಲೇರ್, ಟುಟ್ಸಿಗಳನ್ನು ಕೊಲ್ಲಲು ರಾಷ್ಟ್ರಾಧ್ಯಕ್ಷರ ಪಕ್ಷದ ಹುಟು ಪಡೆ ಶಸ್ತ್ರಾಸ್ತ್ರ ಬಚ್ಚಿಟ್ಟ ಜಾಗಗಳ ಮೇಲೆ ದಾಳಿ ಮಾಡುವುದಾಗಿ ನ್ಯೂಯಾರ್ಕಿಗೆ ತಂತಿ ಕಳಿಸಿದರು. ಅದು ನಿಮ್ಮ ವ್ಯಾಪ್ತಿಗೆ ಮೀರಿದ್ದು, ವಿಷಯವನ್ನು ರಾಷ್ಟ್ರಾಧ್ಯಕ್ಷರಿಗೇ ತಿಳಿಸಿ ಎಂದು ಉತ್ತರ ಬಂತು. ಮನೆಗೆ ಕನ್ನ ಹಾಕುವ ಸಂಚಿನ ಸುಳಿವನ್ನು ಕಳ್ಳನ ಯಜಮಾನನಿಗೇ ಕೊಟ್ಟ ಹಾಗೆ!

ಏಪ್ರಿಲ್ 6ರಂದು ಅಧ್ಯಕ್ಷ ಹಬ್ಯಾರಿಮಾನ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಮರುದಿನ ಪ್ರಧಾನಿ ಅಗಾಥ್ ಉವಿಲಿಂಗಿಯಿಮಾನ ಕೊಲೆಯಾದರು. ಅವರ ಕಾವಲಿಗಿದ್ದ 10 ಬೆಲ್ಜಿಯನ್ ಸೈನಿಕರನ್ನೂ ಕೊಂದರು. ಬೆಲ್ಜಿಯಂ ಜಾಗ ಖಾಲಿ ಮಾಡಲು ಅಷ್ಟು ಸಾಕಾಯಿತು. ರಾಜಧಾನಿ ಕಿಗಾಲಿಯ ಕಿಚುಕಿರೊದಲ್ಲಿ ಒಂದು ತಾಂತ್ರಿಕ ಶಾಲೆಯಲ್ಲಿ ಸುಮಾರು 2,000 ಜನ ಬೆಲ್ಜಿಯನ್ ಕಾವಲಿನಲ್ಲಿ ಆಶ್ರಯ ಪಡೆದಿದ್ದರು. ಏಪ್ರಿಲ್ 11ರಂದು ವಿದೇಶಿಯರನ್ನು ಸಾಗಿಸಿದ ಮೇಲೆ ಸೈನಿಕರೂ ಹೊರಟರು. ಗೇಟಿನಾಚೆ ಕಾದಿದ್ದ ಕೊಲೆಗಡುಕರು ಅಂದೇ ಆಶ್ರಯ ಪಡೆದಿದ್ದವರಲ್ಲಿ ಹೆಚ್ಚಿನವರನ್ನು ಕೊಂದರು.

ಏಪ್ರಿಲ್ 21ರಂದು ಭದ್ರತಾ ಮಂಡಳಿ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಆ ವರ್ಷ ಮಂಡಳಿಯಲ್ಲಿ ರುವಾಂಡಾ ಸರ್ಕಾರವೇ ಸದಸ್ಯ, ಅದನ್ನೂ ಮರೆಯಬೇಡಿ. ಇಷ್ಟಾದರೂ ಉಳಿದ ಕೆಲವೇ ಸೈನಿಕರ ಕಾವಲಿನಲ್ಲಿ ಅಮಹೊರೊ ಕ್ರೀಡಾಂಗಣದಲ್ಲಿ ಸಾವಿರಾರು ಜನ ಬದುಕಿದರು. ಕಡಿಮೆ ಜನರಿದ್ದರೆ ಏನೂ ಆಗದು ಎಂಬ ವಾದ ಅಲ್ಲೇ ಬಿದ್ದುಹೋಗುತ್ತದೆ.

ಮೇ 17ರಂದು 5,500 ಮಂದಿಯ ಪಡೆಗೆ ಅನುಮತಿ ಸಿಕ್ಕಿತು. ಜುಲೈ 25ಕ್ಕೆ ಬಂದಿದ್ದವರು 550! ವಿಶ್ವಸಂಸ್ಥೆಗೆ ಸ್ವಂತ ಸೇನೆಯಿಲ್ಲ. ಒಂದು ದೇಶ ಸೈನಿಕರನ್ನು, ಇನ್ನೊಂದು ವಾಹನವನ್ನು, ಮತ್ತೊಂದು ವಿಮಾನವನ್ನು ಕೊಡಬೇಕು. ಅಮೆರಿಕ ಕೊಡಬೇಕಿದ್ದ 50 ಕವಚ ವಾಹನಗಳ ಬಾಡಿಗೆ, ಸಾಗಣೆ ವೆಚ್ಚದ ಚೌಕಾಸಿಯಲ್ಲೇ ವಾರಗಳು ಕಳೆದವು. ಅಷ್ಟರಲ್ಲಿ ಸುಮಾರು 8 ಲಕ್ಷ ಜನ ಸತ್ತಿದ್ದರು. ಜುಲೈನಲ್ಲಿ ಕೊಲೆ ನಿಂತದ್ದು ಬಂಡುಕೋರರು ಗೆದ್ದದ್ದರಿಂದ.

ಪ್ರಶ್ನೆ: ಇಂಥ ಹತ್ಯೆ ತಡೆಯಲು ಸೇನೆ ಕಳಿಸುವ ನಿಯಮವೇನು?
(ಓದುಗರೊಬ್ಬರು, ಮೈಸೂರು)

ವಿಶ್ವಸಂಸ್ಥೆಯ ಸನ್ನದಿನ 7ನೇ ಅಧ್ಯಾಯದಡಿ ಭದ್ರತಾ ಮಂಡಳಿ ನಿರ್ಣಯ ಮಾಡಬೇಕು. 15ರಲ್ಲಿ 9 ಮತ ಬೇಕು, ಐದು ಕಾಯಂ ಸದಸ್ಯರಲ್ಲಿ ಒಬ್ಬರೂ ವೀಟೊ ಹಾಕಬಾರದು. ನಿರ್ಣಯ ಬಂದರೆ ‘ಅಗತ್ಯವಾದ ಎಲ್ಲ ಕ್ರಮ’ ಎಂಬ ಮಾತಿದೆಯೇ ನೋಡಿ. ಬಲಪ್ರಯೋಗಕ್ಕೆ ಪರವಾನಗಿ ಅಡಗಿರುವುದು ಅದರಲ್ಲಿ. 2011ರ ಲಿಬಿಯಾ ನಿರ್ಣಯದಲ್ಲಿ ಅದಿತ್ತು, ಭಾರತ ಮತದಾನದಿಂದ ದೂರ ಉಳಿಯಿತು. 1999ರಲ್ಲಿ ಕೊಸೊವೊ ವಿಷಯದಲ್ಲಿ ನ್ಯಾಟೊ ಇಂಥ ಅನುಮತಿಯಿಲ್ಲದೆಯೇ 78 ದಿನ ಬಾಂಬ್ ಹಾಕಿತು. ಅದು ಕಾನೂನಿಗೆ ಒಪ್ಪುವಂಥದ್ದೇ ಎಂಬ ಜಗಳ ಇನ್ನೂ ಮುಗಿದಿಲ್ಲ.

ಪ್ರಶ್ನೆ: ನರಮೇಧ ತಡೆಯಲು ಸೇನೆಯಿಲ್ಲದ ಸಣ್ಣ ದೇಶ ಏನು ಮಾಡಬಹುದು?
(ಓದುಗರೊಬ್ಬರು, ಉಡುಪಿ)

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬಹುದು. ರೊಹಿಂಗ್ಯಾಗಳ ವಿಷಯದಲ್ಲಿ ಮ್ಯಾನ್ಮಾರ್ ವಿರುದ್ಧ ಪಶ್ಚಿಮ ಆಫ್ರಿಕಾದ ಪುಟ್ಟ ಗ್ಯಾಂಬಿಯಾ 2019ರ ನವೆಂಬರ್‌ನಲ್ಲಿ ದಾವೆ ಹೂಡಿತು. 2020ರ ಜನವರಿ 23ರ ಮಧ್ಯಂತರ ಆದೇಶ ಹೀಗಿತ್ತು: ಹತ್ಯೆ ತಡೆಯಿರಿ, ಸಾಕ್ಷ್ಯ ನಾಶ ಮಾಡಬೇಡಿ, ನಾಲ್ಕು ತಿಂಗಳೊಳಗೆ ವರದಿ ಕೊಡಿ, ಆಮೇಲೆ ಪ್ರತಿ ಆರು ತಿಂಗಳಿಗೊಮ್ಮೆ. ದಾವೆಗೆ ಆಧಾರ 1948ರ ನರಮೇಧ ತಡೆ ಒಪ್ಪಂದದ 9ನೇ ವಿಧಿ; ಒಪ್ಪಂದದ ವ್ಯಾಜ್ಯಗಳನ್ನು ಈ ನ್ಯಾಯಾಲಯಕ್ಕೆ ಒಯ್ಯಲು ಅದು ದಾರಿ ಕೊಡುತ್ತದೆ. ಆ ವಿಧಿಗೆ ಭಾರತ ಷರತ್ತು ಹಾಕಿದೆ: ಭಾರತ ಪಕ್ಷವಾಗುವ ವ್ಯಾಜ್ಯ ಅಲ್ಲಿಗೆ ಹೋಗಬೇಕಾದರೆ ಪ್ರತಿ ಸಲವೂ ಎಲ್ಲ ಪಕ್ಷಗಳೂ ಒಪ್ಪಬೇಕು.