ನಾಳೆಯ ಡಬ್ಬಿ ಮೊದಲು, ಇವತ್ತಿನ ತಟ್ಟೆ ಆಮೇಲೆ

ತಮ್ಮಾ, ನೀನು ಬರೆದಿದ್ದನ್ನು ಎರಡು ಸಲ ಓದಿದೆ. ಈ ದೇಶಕ್ಕೆ ಬಂದು 3 ತಿಂಗಳಾಯಿತು, ಬೆಳಗ್ಗೆ 7ಕ್ಕೆ ಮನೆ ಬಿಟ್ಟರೆ ವಾಪಸ್ ಬರುವುದು ರಾತ್ರಿ 8ಕ್ಕೆ, ಮಧ್ಯಾಹ್ನ ಬಿಸ್ಕತ್ತೋ ಚಿಪ್ಸೋ ಕೈಗೆ ಸಿಕ್ಕಿದ್ದು, 3 ಗಂಟೆ ಹೊತ್ತಿಗೆ ಕಣ್ಣು ಎಳೆಯುತ್ತದೆ ಅಂದಿದ್ದೀಯ. "ಅಕ್ಕಾ, ಹೊರದೇಶದ ಬದುಕು ಹೀಗೇನಾ? ನೀವು ಇಷ್ಟು ವರ್ಷ ಊಟಕ್ಕೆ ಏನು ಮಾಡಿದಿರಿ?" ಅಂತ ಕೇಳಿದ್ದೀಯ. ಅಕ್ಕಾ ಅಂದ ಮೇಲೆ ನಾನೂ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ?

ಹೊಸದಾಗಿ ಬಂದವರು ಬಾಡಿಗೆ ಮನೆ, ಬ್ಯಾಂಕ್ ಖಾತೆ, ವೀಸಾ ಬಗ್ಗೆ ಕೇಳುತ್ತಾರೆ. ಮಧ್ಯಾಹ್ನ ಏನು ತಿನ್ನಲಿ ಅಂತ ಕೇಳುವವರು ಕಡಿಮೆ. ನೀನು ಕೇಳಿದ್ದು ಒಳ್ಳೆಯದಾಯಿತು, ಯಾಕಂದರೆ ನಾನು ಕೇಳಿರಲಿಲ್ಲ.

ನಾನು ಬಂದು 14 ವರ್ಷ ಆಯಿತು. ಮೊದಲ ವರ್ಷ ಅಮ್ಮ ಫೋನ್ ಮಾಡಿ ಊಟ ಆಯ್ತಾ ಅಂದರೆ ಆಯ್ತಮ್ಮಾ ಅನ್ನುತ್ತಿದ್ದೆ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಇರುತ್ತಿತ್ತು. ಸಂಜೆ ಆಗುತ್ತಿದ್ದಂತೆ ಮನಸ್ಸು ಕುಸಿಯುತ್ತಿತ್ತು, ಯಾರಾದರೂ ಒಂದು ಮಾತು ಹೆಚ್ಚು ಆಡಿದರೆ ಅಳು ಬರುತ್ತಿತ್ತು. ಇದೆಲ್ಲ ಮನೆ ಬಿಟ್ಟು ಬಂದ ದುಃಖ ಅಂದುಕೊಂಡಿದ್ದೆ. ಸರಿಯಾಗಿ ಊಟ ಮಾಡಲು ಶುರು ಮಾಡಿದ ಮೇಲೆ ಗೊತ್ತಾಯಿತು, ಅದರಲ್ಲಿ ಅರ್ಧ ಹಸಿವು. ಉಳಿದರ್ಧ ದುಃಖ ಇದ್ದೇ ಇತ್ತು, ಆದರೆ ಹೊಟ್ಟೆ ತುಂಬಿದಾಗ ಅದನ್ನು ತಡೆದುಕೊಳ್ಳಬಹುದು. ಹಾಗಾಗಿ ನಿನಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಒಂದು ಯೋಚನೆ ಬಿಟ್ಟುಬಿಡು: ಬೆಳಗ್ಗೆ ಬೇಗ ಎದ್ದು ಬುತ್ತಿ ಮಾಡಿಕೊಳ್ಳುತ್ತೇನೆ ಅನ್ನುವುದು. ನಾನು ಅದನ್ನು ಎಷ್ಟೋ ಸೋಮವಾರ ಶುರು ಮಾಡಿದ್ದೇನೆ. ಬುಧವಾರ ದಾಟಿದ್ದಿಲ್ಲ. 7 ಗಂಟೆಗೆ ಬಸ್ಸು ಹಿಡಿಯಬೇಕಾದವನಿಗೆ 6 ಗಂಟೆಗೆ ತರಕಾರಿ ಹೆಚ್ಚುವುದು ಆಗದ ಕೆಲಸ. ನನ್ನ ಮನೆಯಲ್ಲಿ ಬುತ್ತಿ ಹಿಂದಿನ ರಾತ್ರಿಯ ಅಡುಗೆಯಲ್ಲೇ ಆಗಿಹೋಗುತ್ತದೆ. ರಾತ್ರಿ ಅಡುಗೆ ಮುಗಿದ ತಕ್ಷಣ, ತಟ್ಟೆಗೆ ಬಡಿಸಿಕೊಳ್ಳುವ ಮೊದಲು, ನಾಳೆಯ ಡಬ್ಬಿಯ ಪಾಲು ಬೇರೆ ತೆಗೆದಿಡುತ್ತೇನೆ. ಈ ಕ್ರಮ ಮುಖ್ಯ. ಊಟ ಆದ ಮೇಲೆ ಉಳಿದರೆ ಹಾಕಿಕೊಳ್ಳೋಣ ಅಂದರೆ ಏನೂ ಉಳಿಯುವುದಿಲ್ಲ. ದಣಿದು ಬಂದವರು ಪಾತ್ರೆ ಖಾಲಿ ಮಾಡುತ್ತೇವೆ, ಅಥವಾ ಅಲ್ಲೇ ಬಿಟ್ಟು ಮಲಗುತ್ತೇವೆ.

ಅಲ್ಲೇ ಬಿಟ್ಟು ಮಲಗುವುದು ಇನ್ನೂ ಅಪಾಯ. ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ಒಂದು ರಾತ್ರಿ ಅನ್ನ ಕುಕ್ಕರಿನಲ್ಲೇ ಬಿಟ್ಟು ಮಲಗಿದ್ದೆ. ಬೆಳಗ್ಗೆ ನೋಡಿದರೆ ಉದುರುದುರಾಗಿತ್ತು, ವಾಸನೆ ಇರಲಿಲ್ಲ. ಡಬ್ಬಿಗೆ ಹಾಕಿ, ಮಧ್ಯಾಹ್ನ ಚೆನ್ನಾಗಿ ಬಿಸಿ ಮಾಡಿ ತಿಂದೆ. ಎರಡು ಗಂಟೆಯಲ್ಲಿ ವಾಂತಿ ಶುರುವಾಯಿತು. ಮೀಟಿಂಗ್ ನಡುವೆ ಎದ್ದು ಓಡಿದೆ. ಬಿಸಿ ಮಾಡಿದ್ದೆನಲ್ಲ ಅಂತ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ತಿಳಿದುಕೊಂಡೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಇರಬಹುದು. ಅನ್ನ ಬೇಯುವಾಗ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಇದ್ದರೆ ಮೊಳೆತು ಹೆಚ್ಚಾಗಿ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮೂಗಿಗೂ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ.

ಈಗ ನಾನು ಮಾಡುವುದು ಇಷ್ಟು. ನಾಳೆಗೆ ಬೇಕಾದ ಅನ್ನವನ್ನು ಅಗಲ ತಟ್ಟೆಗೆ ತೆಗೆದು ತೆಳ್ಳಗೆ ಹರಡುತ್ತೇನೆ. ಚಮಚದ ಬೆನ್ನಿನಲ್ಲಿ ಎಳೆದರೆ ಆವಿ ಭುಸ್ಸೆಂದು ಏಳುತ್ತದೆ. ನಾನು ಊಟ ಮುಗಿಸಿ ತಟ್ಟೆ ತೊಳೆಯುವ ಹೊತ್ತಿಗೆ ಅನ್ನ ಕೈಗೆ ತಣ್ಣಗೆ ತಾಗುತ್ತದೆ. ಆಗ ಡಬ್ಬಿಗೆ ಹಾಕಿ, ಮುಚ್ಚಿ, ಫ್ರಿಜ್ಜಿಗೆ ಇಡುತ್ತೇನೆ. ಬಿಸಿಯಾಗಿದ್ದಾಗಲೇ ಮುಚ್ಚಿದರೆ ಮುಚ್ಚಳದಲ್ಲಿ ನೀರು ಹನಿಗಟ್ಟಿ ಅನ್ನ ಪಚಪಚ ಆಗುತ್ತದೆ. ಒಂದು ಗಂಟೆಯೊಳಗೆ ಫ್ರಿಜ್ ಸೇರಬೇಕು, ಮರುದಿನ ತಿಂದು ಮುಗಿಸಬೇಕು. ಅನ್ನ ಬಿಟ್ಟು ಬೇರೆ ಅಡುಗೆಯಾದರೆ 3 ದಿನ ಇಡಬಹುದು. ಅದಕ್ಕಿಂತ ಜಾಸ್ತಿ ದಿನಕ್ಕೆ ಬೇಕಿದ್ದರೆ ಮಾಡಿದ ದಿನವೇ ಫ್ರೀಜರಿಗೆ ಹಾಕು. ಫ್ರಿಜ್ 5 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬಾಡಿಗೆ ಮನೆಯ ಹಳೇ ಫ್ರಿಜ್ಜಾದರೆ ಒಂದು ಸಣ್ಣ ಥರ್ಮಾಮೀಟರ್ ಒಳಗಿಟ್ಟು ನೋಡು, ನನ್ನದು 9 ತೋರಿಸುತ್ತಿತ್ತು.

ಇನ್ನು ಡಬ್ಬಿಯಲ್ಲಿ ಏನಿರಬೇಕು ಅನ್ನುವುದು. ಊಟದ ನಂತರ ಮಧ್ಯಾಹ್ನ ಸ್ವಲ್ಪ ಜಡ ಅನ್ನಿಸುವುದು ದೇಹದ ಸಹಜ ಗಡಿಯಾರ, ಅದು ಎಲ್ಲರಿಗೂ ಇದೆ. ಬರೀ ಬಿಸ್ಕತ್ತೋ ಬರೀ ಬ್ರೆಡ್ಡೋ ತಿಂದರೆ ಆ ಜಡ ಇನ್ನೂ ಜಾಸ್ತಿ ಆಗುತ್ತದೆ, ಬೇಗ ಹಸಿವೂ ಆಗುತ್ತದೆ. ಹಾಗಾಗಿ ನಾನು ಡಬ್ಬಿಯನ್ನು ಕಣ್ಣಳತೆಯಲ್ಲೇ ಭಾಗ ಮಾಡುತ್ತೇನೆ. ಅರ್ಧ ತರಕಾರಿ. ಉಳಿದರ್ಧದಲ್ಲಿ ಒಂದು ಪಾಲು ಅನ್ನವೋ ಗೋಧಿಯದೋ ಆಲೂಗಡ್ಡೆಯೋ, ಇನ್ನೊಂದು ಪಾಲು ಕಾಳು, ಮೊಟ್ಟೆ, ಪನೀರ್, ಮೀನು ಅಥವಾ ಕೋಳಿ. ನೀನು ಏನು ತಿನ್ನುತ್ತೀಯೋ ಅದು.

ನಾವು ಕಡಿಮೆ ಮಾಡುವುದು ಈ ಕೊನೆಯ ಪಾಲನ್ನು. ಲೆಕ್ಕ ಸುಲಭ. ದೊಡ್ಡವರಿಗೆ ಮೈತೂಕದ ಒಂದು ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಪ್ರೊಟೀನ್ ಬೇಕು. 60 ಕಿಲೋ ತೂಗುವವನಿಗೆ 48 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇದೆ. ಬೆಂದ ಕಾಬೂಲಿ ಕಡಲೆ 100 ಗ್ರಾಂ ತಿಂದರೆ 8ರಿಂದ 9 ಗ್ರಾಂ ಬರುತ್ತದೆ. ಎರಡು ಮೊಟ್ಟೆ, ಒಂದು ಹಿಡಿ ಕಡಲೆ, ಜೊತೆಗೆ ಅನ್ನ ತರಕಾರಿ ಇದ್ದರೆ ಮಧ್ಯಾಹ್ನದ ಪಾಲು ಆರಾಮಾಗಿ ಬಂತು. ಬಿಸ್ಕತ್ತಿನಲ್ಲಿ ಅದು ಎಲ್ಲಿಂದ ಬರಬೇಕು ಹೇಳು.

ಕಾಳು ನನ್ನ ಇಷ್ಟದ ವಿಷಯ, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ರಜೆಯ ದಿನ ಒಂದು ದೊಡ್ಡ ಪಾತ್ರೆ ಕಾಳು ನೆನೆಸಿ ಬೇಯಿಸುತ್ತೇನೆ. ಮಸಾಲೆ ಹಾಕುವುದಿಲ್ಲ, ಬರೀ ಉಪ್ಪು. ಆರಿದ ಮೇಲೆ ಒಂದೊಂದು ಊಟಕ್ಕೆ ಆಗುವಷ್ಟನ್ನು ಸಣ್ಣ ಚೀಲಗಳಲ್ಲಿ ಹಾಕಿ, ಅಂಗೈಯಲ್ಲಿ ಒತ್ತಿ ಚಪ್ಪಟೆ ಮಾಡಿ, ಫ್ರೀಜರಿನಲ್ಲಿ ಪುಸ್ತಕದ ಹಾಗೆ ನಿಲ್ಲಿಸುತ್ತೇನೆ. ಚಪ್ಪಟೆ ಇದ್ದರೆ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಕರಗುತ್ತದೆ. ಮಸಾಲೆ ಇಲ್ಲದ್ದರಿಂದ ಒಂದು ದಿನ ಟೊಮೇಟೊ ಜೊತೆ ಕುದಿಸಬಹುದು, ಇನ್ನೊಂದು ದಿನ ಸೌತೆಕಾಯಿ, ಈರುಳ್ಳಿ, ನಿಂಬೆರಸದ ಜೊತೆ ತಣ್ಣಗೇ ಕಲಸಬಹುದು. ಪೂರ್ತಿ ಅಡುಗೆ ಮಾಡಿ ಐದು ಡಬ್ಬಿ ತುಂಬಿಟ್ಟರೆ ಮೂರನೇ ದಿನ ಬೇಸರ ಬರುತ್ತದೆ. ಬೇಯಿಸಿದ ಸಾಮಾನು ಬಿಡಿಬಿಡಿಯಾಗಿ ಇದ್ದರೆ ದಿನಾ ಬೇರೆ ರುಚಿ.

ರಾಜ್ಮಾ ಒಂದರಲ್ಲಿ ಮಾತ್ರ ಹುಷಾರು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷ ಇದೆ. ಕನಿಷ್ಠ 5 ಗಂಟೆ ನೆನೆಸಬೇಕು, ಆ ನೀರು ಚೆಲ್ಲಬೇಕು, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಬೇಕು, ಆಮೇಲೆ ಮೆತ್ತಗಾಗುವ ತನಕ ಬೇಯಿಸಬೇಕು. ಇಡೀ ದಿನ ಸಣ್ಣ ಉರಿಯಲ್ಲಿ ಬೇಯಿಸುವ ವಿದ್ಯುತ್ ಪಾತ್ರೆ ಸಿಗುತ್ತದಲ್ಲ, ಅದರಲ್ಲಿ ಹಸಿ ರಾಜ್ಮಾ ನೇರವಾಗಿ ಹಾಕಬೇಡ. ಆ ಬಿಸಿ ಸಾಲದೇ ಹೋಗಬಹುದು. ಪ್ರೆಷರ್ ಕುಕ್ಕರ್ ಇದ್ದರೆ ಚಿಂತೆ ಇಲ್ಲ. ಇದಕ್ಕೂ ಸಮಯ ಇಲ್ಲ ಅಂದರೆ ಟಿನ್ನಿನಲ್ಲಿ ಬರುವ ಕಾಳು ತಂದುಕೊ. ಅದು ಪೂರ್ತಿ ಬೆಂದೇ ಇರುತ್ತದೆ. ನಲ್ಲಿ ನೀರಿನಲ್ಲಿ ತೊಳೆದರೆ ಉಪ್ಪೂ ಇಳಿಯುತ್ತದೆ.

ತರಕಾರಿ ಹೆಚ್ಚಲು ಪುರುಸೊತ್ತಿಲ್ಲದಿದ್ದರೆ ಫ್ರೀಜರಿನಲ್ಲಿ ಸಿಗುವ ಬಟಾಣಿ, ಬೀನ್ಸ್, ಪಾಲಕ್ ತಾ. ಅದು ಕಡಿಮೆ ದರ್ಜೆಯದು ಅಂತ ನಾನೂ ಅಂದುಕೊಂಡಿದ್ದೆ. ಕೊಯ್ದ ಸ್ವಲ್ಪ ಹೊತ್ತಿನಲ್ಲೇ ಬಿಸಿನೀರಿನಲ್ಲಿ ಅದ್ದಿ ಹೆಪ್ಪುಗಟ್ಟಿಸಿರುತ್ತಾರೆ, ಸತ್ವ ಬಹುಪಾಲು ಉಳಿದಿರುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಬಾಡಿದ ಸೊಪ್ಪಿಗಿಂತ ಇದೇ ಮೇಲು. ಹಣ್ಣು ತರಕಾರಿ ಸೇರಿ ದಿನಕ್ಕೆ 400 ಗ್ರಾಂ ತಿನ್ನಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಾತ್ರಿ ಊಟವೊಂದರಲ್ಲೇ ಅಷ್ಟು ಮುಗಿಯುವುದಿಲ್ಲ, ಡಬ್ಬಿಗೂ ಪಾಲು ಕೊಡಬೇಕು. ಹಸಿ ತರಕಾರಿಗೆ ಉಪ್ಪು, ನಿಂಬೆ ಮೊದಲೇ ಬೆರೆಸಬೇಡ. ಉಪ್ಪು ನೀರು ಎಳೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಸೌತೆಕಾಯಿ ಈಜಾಡುತ್ತಿರುತ್ತದೆ. ಒಂದು ಸಣ್ಣ ಭರಣಿಯಲ್ಲಿ ಬೇರೆ ಒಯ್ದು ತಿನ್ನುವಾಗ ಹಾಕಿಕೊ. ನಿಂಬೆಯ ವಿಟಮಿನ್ ಸಿ ಕಾಳು ಸೊಪ್ಪಿನ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಊಟದ ಜೊತೆಗೇ ಟೀ ಕಾಫಿ ಕುಡಿದರೆ ಅದಕ್ಕೇ ಅಡ್ಡಿ, ಒಂದು ಗಂಟೆ ಬಿಟ್ಟು ಕುಡಿ.

ಸಾಗಿಸುವುದು ಹೇಗೆ ಅಂತ ನೀನು ಕೇಳಲಿಲ್ಲ, ಆದರೆ ಅರ್ಧ ಜನ ಎಡವುವುದು ಅಲ್ಲೇ. 5ರಿಂದ 60 ಡಿಗ್ರಿ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಆ ನಡುವಿನಲ್ಲಿ ಅಡುಗೆ 2 ಗಂಟೆಗಿಂತ ಹೆಚ್ಚು ಇರಬಾರದು. ನೀನು 7ಕ್ಕೆ ಹೊರಟು 1 ಗಂಟೆಗೆ ತಿನ್ನುತ್ತೀಯ ಅಂದರೆ 6 ಗಂಟೆ. ಹಾಗಾಗಿ ಒಂದೋ ತಣ್ಣಗಿರಬೇಕು, ಒಂದೋ ಸುಡುಸುಡು ಇರಬೇಕು. ಕಚೇರಿಯಲ್ಲಿ ಫ್ರಿಜ್ ಇದ್ದರೆ ಹೋದ ತಕ್ಷಣ ಅದರಲ್ಲಿಡು. ಡಬ್ಬಿಯ ಮೇಲೆ ಹೆಸರು, ತಾರೀಕು ಬರೆ. ಇಲ್ಲದಿದ್ದರೆ ಐಸ್ ಪ್ಯಾಕ್ ಜೊತೆ ದಪ್ಪ ಚೀಲ. ಮೈಕ್ರೋವೇವಿಗೆ ಗಾಜಿನ ಡಬ್ಬಿ ಒಳ್ಳೆಯದು, ಸ್ಟೀಲ್ ಇಡಬಾರದು. ಮೈಕ್ರೋವೇವ್ ಒಂದೇ ಸಮ ಬಿಸಿ ಮಾಡುವುದಿಲ್ಲ, ಅಂಚು ಸುಟ್ಟರೂ ನಡು ತಣ್ಣಗಿರುತ್ತದೆ. ಅರ್ಧಕ್ಕೆ ನಿಲ್ಲಿಸಿ ಕಲಕು, ಆಮೇಲೆ ಒಂದು ನಿಮಿಷ ಬಿಟ್ಟು ತಿನ್ನು.

ಒಂದು ದಿನ ಎಲ್ಲವೂ ತಪ್ಪುತ್ತದೆ. ರಾತ್ರಿ ಅಡುಗೆ ಆಗಿರುವುದಿಲ್ಲ, ಬೆಳಗ್ಗೆ ತಡ ಆಗಿರುತ್ತದೆ. ಆ ದಿನಕ್ಕಾಗಿ ಕಚೇರಿಯ ಡ್ರಾಯರಿನಲ್ಲಿ ಓಟ್ಸ್, ಉಪ್ಪಿಲ್ಲದ ಬಾದಾಮಿ ಅಥವಾ ಕಡಲೆಬೀಜ, ಒಂದು ಟಿನ್ ಕಾಳು, ಒಂದು ಚಮಚ ಇಟ್ಟಿರು. ಕಡಲೆಬೀಜ ತರುವ ಮೊದಲು ಪಕ್ಕದವರನ್ನು ಒಂದು ಮಾತು ಕೇಳು. ಕೆಲವರಿಗೆ ಅದರ ಅಲರ್ಜಿ ಜೀವಕ್ಕೇ ಕುತ್ತು ತರುವಷ್ಟು ಇರುತ್ತದೆ. ಅಂಗಡಿಯ ಪೊಟ್ಟಣ ಕೊಳ್ಳಬೇಕಾದರೆ ಹಿಂದೆ ತಿರುಗಿಸಿ ಓದು. ಬಹುತೇಕ ದೇಶಗಳಲ್ಲಿ ಸಾಮಾನಿನ ಪಟ್ಟಿಯಲ್ಲಿ ಜಾಸ್ತಿ ತೂಕದ್ದು ಮೊದಲು ಬರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ ಕಂಡರೆ ನಾನು ವಾಪಸ್ ಇಡುತ್ತೇನೆ.

ಇನ್ನೊಂದು ಮಾತು, ಇದು ನೀನು ಬರೆಯದಿದ್ದರೂ ನನಗೆ ಗೊತ್ತು. ನಿನ್ನ ಡಬ್ಬಿಯ ವಾಸನೆಗೆ ಯಾರಾದರೂ ಮುಖ ತಿರುಗಿಸಿಯಾರು ಅನ್ನುವ ಅಳುಕು. ನಾನು ಆರು ತಿಂಗಳು ಮೆಟ್ಟಿಲ ಮೇಲೆ ಕೂತು ತಿಂದಿದ್ದೇನೆ. ಒಂದು ದಿನ ಪಕ್ಕದ ಮೇಜಿನವಳು ಹುಡುಕಿಕೊಂಡು ಬಂದು, ತನ್ನ ಡಬ್ಬಿ ತೆಗೆದು ಪಕ್ಕದಲ್ಲೇ ಕೂತಳು. ಏನೂ ಕೇಳಲಿಲ್ಲ. ಅವಳದ್ದೂ ಬೆಳ್ಳುಳ್ಳಿ ಘಮ ಹೊಡೆಯುತ್ತಿತ್ತು. ಮರುದಿನದಿಂದ ಇಬ್ಬರೂ ಒಳಗೇ ಕೂತೆವು. ಮೈಕ್ರೋವೇವಿನಲ್ಲಿ ಮುಚ್ಚಿ ಬಿಸಿ ಮಾಡು, ಚೆಲ್ಲಿದರೆ ಒರೆಸು, ಅಷ್ಟು ಸಾಕು. ಕಂಪ್ಯೂಟರ್ ಮುಂದೆ ಮಾತ್ರ ತಿನ್ನಬೇಡ. ಇಪ್ಪತ್ತು ನಿಮಿಷ ಎದ್ದು ಹೋಗಿ ಜನರ ನಡುವೆ ಕೂತು ತಿನ್ನು. ನನ್ನ ಈ ಊರಿನ ಮೊದಲ ಗೆಳತಿ ನನಗೆ ಸಿಕ್ಕಿದ್ದು ಹಾಗೆ.

ಇವತ್ತು ರಾತ್ರಿ ಏನು ಮಾಡುತ್ತೀಯೋ ಅದಕ್ಕೇ ಒಂದು ಹಿಡಿ ಜಾಸ್ತಿ ಹಾಕು. ಹೊಸದೇನೂ ಕಲಿಯಬೇಕಿಲ್ಲ, ಹೊಸ ಪಾತ್ರೆಯೂ ಬೇಡ. ಕಚೇರಿಯಲ್ಲಿ ಫ್ರಿಜ್, ಮೈಕ್ರೋವೇವ್ ಇದೆಯಾ ಅಂತ ಬರೆದು ತಿಳಿಸು. ಎರಡೂ ಇಲ್ಲದಿದ್ದರೆ ಅಗಲ ಬಾಯಿಯ ಫ್ಲಾಸ್ಕ್ ಒಂದು ತಗೊ. ಬೆಳಗ್ಗೆ ಕುದಿಯುವ ನೀರು ತುಂಬಿ 10 ನಿಮಿಷ ಬಿಡು, ಅದನ್ನು ಚೆಲ್ಲಿ, ಕುದಿಯುತ್ತಿರುವ ಬೇಳೆಯನ್ನೋ ಸೂಪನ್ನೋ ಕಂಠಪೂರ್ತಿ ತುಂಬಿ ಬಿಗಿಯಾಗಿ ಮುಚ್ಚು. ಮಧ್ಯಾಹ್ನ ತೆರೆದಾಗ ಇನ್ನೂ ಆವಿ ಏಳುತ್ತಿರಬೇಕು.