ಫಾಸ್ಟಿಂಗ್ ಶುಗರ್ 107 ಬಂದಿದೆ. ಇದು ಸಕ್ಕರೆ ಕಾಯಿಲೆಯ ಶುರುವಾ?

ನಿಮ್ಮ ಪ್ರಶ್ನೆ ಓದುತ್ತಾ ಹೋದಂತೆ ಐದು ವರ್ಷದ ಹಿಂದಿನ ನನ್ನದೇ ನೋಟ್‌ಬುಕ್ ತೆರೆದ ಹಾಗಾಯಿತು. ನಿಮ್ಮ ವಯಸ್ಸು 34, ಕೆಲಸದ ಕಡೆಯ ಆರೋಗ್ಯ ತಪಾಸಣೆಯಲ್ಲಿ ಫಾಸ್ಟಿಂಗ್ (ಖಾಲಿ ಹೊಟ್ಟೆಯ ಶುಗರ್) 107, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತಿಳಿಸುವ ಪರೀಕ್ಷೆ) 5.6, ತಾಯಿಗೆ ಶುಗರ್ ಇದೆ. ರಿಪೋರ್ಟ್ ಬಂದ ಮರುದಿನವೇ ಗ್ಲೂಕೋಮೀಟರ್ ತಂದು ದಿನಕ್ಕೆ ಆರು ಸಲ ಬೆರಳು ಚುಚ್ಚಿಕೊಳ್ಳುತ್ತಿದ್ದೀರಿ. ರಾತ್ರಿ ಊಟವನ್ನೇ ಬಿಟ್ಟರೂ ಬೆಳಿಗ್ಗೆ 112 ಬಂತು, ಇನ್ನೇನು ಮಾಡಲಿ ಎಂದು ಕೇಳಿದ್ದೀರಿ. ಕೊನೆಗೆ, ಅಮ್ಮನಿಗೆ ಹೇಳಬೇಕಾ ಬೇಡವಾ ಎಂದೂ ಕೇಳಿದ್ದೀರಿ.

ನಾನು ಡಾಕ್ಟರಲ್ಲ. ನನಗೆ ಆಗ ಬಂದಿದ್ದು 111. ಆಮೇಲೆ ನಾನು ಮಾಡಿದ ತಪ್ಪುಗಳನ್ನೆಲ್ಲ ನೀವು ಒಂದೊಂದಾಗಿ ಮಾಡುತ್ತಿರುವುದು ಕಾಣುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. 107 ಸಕ್ಕರೆ ಕಾಯಿಲೆ ಅಲ್ಲ. ಹಾಗೆನ್ನಲು ಫಾಸ್ಟಿಂಗ್ 126 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಲಕ್ಷಣಗಳೇನೂ ಇಲ್ಲದವರಲ್ಲಿ ಅದು ಒಂದು ಸಲ ಬಂದರೂ ಸಾಲದು, ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಬೇಕು. ಹಾಗಾದರೆ ಪ್ರಿಡಯಾಬಿಟಿಸಾ, ಅಂದರೆ ಕಾಯಿಲೆಗೆ ಮುಂಚಿನ ಹಂತವಾ? ಅದು ಯಾರನ್ನು ಕೇಳುತ್ತೀರಿ ಎನ್ನುವುದರ ಮೇಲಿದೆ. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 100ರಿಂದ 125ರವರೆಗಿನದನ್ನು ಪ್ರಿಡಯಾಬಿಟಿಸ್ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಆ ಲೆಕ್ಕವನ್ನು 110ರಿಂದ ಶುರುಮಾಡುತ್ತದೆ. ಅಮೆರಿಕದವರ ಗೆರೆಯೂ 2003ರವರೆಗೆ 110ರಲ್ಲೇ ಇತ್ತು. ಅಂದರೆ ನಿಮ್ಮ ಇದೇ ರಕ್ತವನ್ನು 2002ರಲ್ಲಿ ಪರೀಕ್ಷೆ ಮಾಡಿಸಿದ್ದರೆ ನಾರ್ಮಲ್ ಎಂದು ಬರೆದು ಕಳಿಸುತ್ತಿದ್ದರು. ಎಚ್‌ಬಿಎ1ಸಿಯಲ್ಲಿ 5.7ರಿಂದ 6.4 ಪ್ರಿಡಯಾಬಿಟಿಸ್, 6.5ರಿಂದ ಮೇಲೆ ಡಯಾಬಿಟಿಸ್. ನಿಮ್ಮದು 5.7ರ ಗೆರೆಯಿಂದ ಒಂದು ಕೂದಲೆಳೆ ಕೆಳಗಿದೆ.

ಇದನ್ನು ಓದಿ ‘ಅಯ್ಯೋ ಅಷ್ಟೇನಾ’ ಎಂದು ಮಗ್ಗುಲು ಬದಲಿಸಿ ಮಲಗಿಬಿಡಿ ಎಂದು ನಾನು ಹೇಳುತ್ತಿಲ್ಲ. ಗೆರೆ ಎಲ್ಲೇ ಎಳೆಯಲಿ, 95ಕ್ಕಿಂತ 107ರಲ್ಲಿ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚು, 107ಕ್ಕಿಂತ 120ರಲ್ಲಿ ಇನ್ನೂ ಹೆಚ್ಚು. ಜೊತೆಗೆ ತಾಯಿಯ ಕಡೆಯದೂ ಸೇರಿದೆ. ಆದರೆ ಇದು ಮೆಲ್ಲಗೆ ಏರುವ ದಿಣ್ಣೆ. ನೀವು ಹತ್ತು ದಿನದಿಂದ ಪ್ರಪಾತದ ಅಂಚಿನಲ್ಲಿ ನಿಂತವರ ಹಾಗೆ ಉಸಿರು ಬಿಗಿಹಿಡಿದಿದ್ದೀರಿ.

ಈಗ ಆ ಮೀಟರಿನ ವಿಷಯ. ನಾನೂ ತಂದಿದ್ದೆ. ಎದ್ದ ಕೂಡಲೇ ಒಂದು, ತಿಂಡಿಯಾದ ಮೇಲೆ ಒಂದು, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಒಂದು ದಿನ ಸಂಜೆ 168 ತೋರಿಸಿತು. ಕೈಕಾಲು ತಣ್ಣಗಾಯಿತು. ಹೆಂಡತಿ ಬಂದು ನೋಡಿ, ‘ಈಗ ತಾನೇ ಹಣ್ಣು ಹೆಚ್ಚುತ್ತಿದ್ದಿರಲ್ಲ, ಕೈ ತೊಳೆದಿರಾ?’ ಎಂದಳು. ತೊಳೆದು, ಒರೆಸಿಕೊಂಡು ಇನ್ನೊಂದು ಬೆರಳಲ್ಲಿ ನೋಡಿದರೆ 109. ಬೆರಳ ತುದಿಯಲ್ಲಿದ್ದ ಹಣ್ಣಿನ ರಸವನ್ನು ನಾನು ನನ್ನ ರಕ್ತದ ಲೆಕ್ಕಕ್ಕೆ ಬರೆದುಕೊಳ್ಳುವುದರಲ್ಲಿದ್ದೆ.

ಕೈ ತೊಳೆದರೂ ಮೀಟರಿಗೆ ಅದರದೇ ಮಿತಿ ಇದೆ. ಮನೆಯ ಮೀಟರುಗಳಿಗಾಗಿ 2013ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 100ರ ಮೇಲಿನ ಅಂಕಿಗಳು ನೂರಕ್ಕೆ 95 ಸಲ ಲ್ಯಾಬಿನ ಅಂಕಿಗಿಂತ ಶೇಕಡಾ 15ರೊಳಗೆ ಆಚೀಚೆ ಇದ್ದರೆ ಮೀಟರ್ ಪಾಸ್. ಲೆಕ್ಕ ಹಾಕಿ ನೋಡಿ. ನಿಮ್ಮ ನಿಜವಾದ ಶುಗರ್ 107 ಇದ್ದು ಮೀಟರ್ 91 ತೋರಿಸಿದರೂ ಸರಿ, 123 ತೋರಿಸಿದರೂ ಸರಿ. ನೀವು ಹುಡುಕುತ್ತಿರುವುದು 98ಕ್ಕೂ 112ಕ್ಕೂ ಇರುವ ವ್ಯತ್ಯಾಸ. ತರಕಾರಿ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಆ ಮೀಟರ್ ಪ್ರಾಣ ಉಳಿಸುವ ವಸ್ತು, ಅದರ ಬಗ್ಗೆ ಹಗುರವಾಗಿ ಮಾತಾಡುತ್ತಿಲ್ಲ. ಗಡಿಯಲ್ಲಿರುವವರು ತಮ್ಮ ಹಣೆಬರಹ ಓದಲು ಮಾಡಿದ ಯಂತ್ರ ಅದಲ್ಲ. ಇದರ ಮೇಲೆ ದೇಹವೂ ಸುಮ್ಮನಿರುವುದಿಲ್ಲ. ಲ್ಯಾಬಿನಲ್ಲೇ ಅಳೆದರೂ ಒಬ್ಬರದೇ ಫಾಸ್ಟಿಂಗ್ ದಿನದಿಂದ ದಿನಕ್ಕೆ ಐದಾರು ಪರ್ಸೆಂಟ್ ಏರಿಳಿಯುತ್ತದೆ.

ಊಟ ಬಿಟ್ಟರೂ ಬೆಳಿಗ್ಗೆ ಏಕೆ ಜಾಸ್ತಿ ಎಂದು ಕೇಳಿದ್ದೀರಲ್ಲ, ನನ್ನನ್ನೂ ಬಹಳ ದಿನ ಕಾಡಿದ ಪ್ರಶ್ನೆ ಅದು. ಬೆಳಗಿನ ಸಕ್ಕರೆ ಬಹುಪಾಲು ರಾತ್ರಿ ತಟ್ಟೆಯಿಂದ ಬಂದದ್ದಲ್ಲ, ಲಿವರ್‌ನಿಂದ ಬಂದದ್ದು. ನಾವು ಮಲಗಿರುವಾಗಲೂ ಮಿದುಳಿಗೆ ಗ್ಲೂಕೋಸ್ ಬೇಕು. ಲಿವರ್ ತಾನು ಕೂಡಿಟ್ಟದ್ದನ್ನು ಬಿಡುತ್ತದೆ, ಅದೂ ಸಾಲದಿದ್ದರೆ ಹೊಸದಾಗಿ ತಯಾರಿಸುತ್ತದೆ. ನಸುಕಿನಲ್ಲಿ ಕಾರ್ಟಿಸಾಲ್ (ಒತ್ತಡದಲ್ಲೂ ಏರುವ ಹಾರ್ಮೋನ್), ಗ್ರೋತ್ ಹಾರ್ಮೋನ್ ಇವೆಲ್ಲ ಏರಿ, ‘ಏಳುವ ಹೊತ್ತಾಯಿತು, ಇನ್ನಷ್ಟು ಬಿಡು’ ಎಂದು ಲಿವರಿಗೆ ಹೇಳುತ್ತವೆ. ಸಾಕು ನಿಲ್ಲಿಸು ಎಂದು ತಡೆಯಬೇಕಾದದ್ದು ಇನ್ಸುಲಿನ್. ಆ ಮಾತನ್ನು ಲಿವರ್ ಸ್ವಲ್ಪ ಕಿವುಡಾಗಿ ಕೇಳಿಸಿಕೊಂಡರೆ ಬೆಳಗಿನ ಅಂಕಿ ಏರುತ್ತದೆ. ಹಾಗಾಗಿ ಉಪವಾಸ ಮಲಗುವುದು ಇದಕ್ಕೆ ಮದ್ದಲ್ಲ. ಹಸಿದು, ಹೆದರಿ, ನಡುರಾತ್ರಿ ಮೂರಕ್ಕೆ ಎದ್ದು ಫೋನಿನಲ್ಲಿ ಶುಗರ್ ಬಗ್ಗೆ ಓದಿದರೆ ಕಾರ್ಟಿಸಾಲ್ ಇನ್ನೂ ಏರುತ್ತದೆ. ನಿದ್ದೆಗೆಟ್ಟ ರಾತ್ರಿಗಳ ಮರುದಿನ ನನ್ನ ಅಂಕಿ ಹೆಚ್ಚೇ ಇರುತ್ತಿತ್ತು. ಇದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳ ನೋಟ್‌ಬುಕ್ ಬೇಕಾಯಿತು!

ಈಗ ಮಾಡಬೇಕಾದದ್ದು: ಮೀಟರನ್ನು ಡ್ರಾಯರಿಗೆ ಹಾಕಿ, ಒಂದಷ್ಟು ವಾರ ಬಿಟ್ಟು, ಲ್ಯಾಬಿನಲ್ಲಿ ರಕ್ತನಾಳದಿಂದ ರಕ್ತ ಕೊಟ್ಟು ಮತ್ತೊಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ. ಸರಿಯಾಗಿ ಅಂದರೆ, ಕನಿಷ್ಠ ಎಂಟು ಗಂಟೆ ಖಾಲಿ ಹೊಟ್ಟೆ, ನೀರು ಬಿಟ್ಟು ಬೇರೇನೂ ಇಲ್ಲ. ಹಾಗೆಂದು ಹದಿನಾರು ಹದಿನೆಂಟು ಗಂಟೆ ಎಳೆಯಬೇಡಿ. ಜ್ವರ, ನೆಗಡಿ, ಹಲ್ಲು ನೋವು ಇರುವ ವಾರ ಬೇಡ. ಅಲರ್ಜಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮುಂಚೆಯೇ ಹೇಳಿ, ಅದೊಂದೇ ಶುಗರನ್ನು ಏರಿಸಬಲ್ಲದು. ತಪಾಸಣೆಯ ಹಿಂದಿನ ರಾತ್ರಿ ನಿಮಗೆ ನಿದ್ದೆ ಬಂದಿತ್ತಾ ಎಂದೂ ಒಮ್ಮೆ ನೆನಪಿಸಿಕೊಳ್ಳಿ.

ಎಚ್‌ಬಿಎ1ಸಿ ಸುಳ್ಳು ಹೇಳುವುದಿಲ್ಲ ಎಂದು ಹಲವರು ಹೇಳುತ್ತಾರೆ. ಹೇಳುತ್ತದೆ. ಅದು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯ ಲೆಕ್ಕ, ಆ ಕಣಗಳ ಆಯುಸ್ಸು ಸುಮಾರು 120 ದಿನ, ಆದ್ದರಿಂದಲೇ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ರಕ್ತ ನಷ್ಟವಾಗಿದ್ದರೆ, ಕಣಗಳು ಬೇಗ ಸಾಯುವ ತೊಂದರೆ ಇದ್ದರೆ ಕಡಿಮೆ ತೋರಿಸಬಹುದು. ಹಿಮೋಗ್ಲೋಬಿನ್ ಎಷ್ಟಿದೆ ಎಂದು ನೋಡದೆ ಎಚ್‌ಬಿಎ1ಸಿಯನ್ನು ಮಾತ್ರ ಹಿಡಿದುಕೊಂಡು ಕೂರಬೇಡಿ.

ಫಾಸ್ಟಿಂಗ್ ಒಂದು ಹೇಳಿ ಎಚ್‌ಬಿಎ1ಸಿ ಇನ್ನೊಂದು ಹೇಳುತ್ತಿದ್ದರೆ ಡಾಕ್ಟರು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ ಬರೆದುಕೊಡಬಹುದು. ಅಲ್ಲಿ 140ರ ಕೆಳಗೆ ನಾರ್ಮಲ್, 140ರಿಂದ 199 ಪ್ರಿಡಯಾಬಿಟಿಸ್, 200ರಿಂದ ಮೇಲೆ ಡಯಾಬಿಟಿಸ್. ಇದರಲ್ಲಿ ನಾನು ಬಿದ್ದ ಗುಂಡಿಯನ್ನು ಹೇಳಲೇಬೇಕು. ಹೆದರಿಕೆಯಲ್ಲಿ ಆರು ವಾರದಿಂದ ಧಾನ್ಯ, ಹಣ್ಣು, ಗೆಡ್ಡೆ ಎಲ್ಲವನ್ನೂ ಬಿಟ್ಟಿದ್ದೆ. ಆ ಸ್ಥಿತಿಯಲ್ಲೇ ಹೋಗಿ ಗ್ಲೂಕೋಸ್ ಕುಡಿದೆ. ಎರಡು ಗಂಟೆಗೆ 158! ಇಷ್ಟು ಕಷ್ಟಪಟ್ಟರೂ ಇನ್ನೂ ಹಾಳಾಯಿತಲ್ಲ ಎಂದು ಲ್ಯಾಬಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಡಾಕ್ಟರು ನನ್ನ ಊಟದ ಪಟ್ಟಿ ಕೇಳಿ ತಲೆ ಚಚ್ಚಿಕೊಳ್ಳದಿದ್ದದ್ದೇ ಹೆಚ್ಚು. ಆ ಪರೀಕ್ಷೆಗೆ ಮುಂಚೆ ಕನಿಷ್ಠ ಮೂರು ದಿನ ದಿನಕ್ಕೆ 150 ಗ್ರಾಂನಷ್ಟಾದರೂ ಕಾರ್ಬೋಹೈಡ್ರೇಟ್ ತಿಂದಿರಬೇಕಂತೆ. ಇಲ್ಲದಿದ್ದರೆ ಅಭ್ಯಾಸ ತಪ್ಪಿದ ದೇಹ ಒಮ್ಮೆಲೇ ಸುರಿದ ಸಕ್ಕರೆಯನ್ನು ನಿಭಾಯಿಸಲು ತಡವರಿಸುತ್ತದೆ. ಮಾಮೂಲಿ ಊಟಕ್ಕೆ ಮರಳಿ, ಕೆಲವು ವಾರದ ನಂತರ ಮತ್ತೆ ಮಾಡಿಸಿದಾಗ 127. ನೀವು ಈಗಾಗಲೇ ಎಲ್ಲವನ್ನೂ ಬಿಡುವ ಹಾದಿಯಲ್ಲಿದ್ದೀರಿ, ಅದಕ್ಕೇ ಇಷ್ಟು ಉದ್ದ ಬರೆದೆ.

ಇನ್ನು ಅಂಕಿ ನಿಜವಾಗಿಯೂ ಅಲ್ಲೇ ನಿಂತಿದೆ ಎಂದುಕೊಳ್ಳೋಣ. ಆಗಲೂ ಕೈಯಲ್ಲಿ ಬಹಳಷ್ಟಿದೆ. ಅಮೆರಿಕದಲ್ಲಿ 3234 ಜನರ ಮೇಲೆ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಬಂತು. ಅವರೆಲ್ಲ ಗ್ಲೂಕೋಸ್ ಕುಡಿಸಿ ನೋಡುವ ಪರೀಕ್ಷೆಯಲ್ಲಿ ಪ್ರಿಡಯಾಬಿಟಿಸ್ ಗಡಿ ದಾಟಿದವರು, ತೂಕವೂ ಹೆಚ್ಚಿದ್ದವರು. ಅವರಲ್ಲಿ ಒಂದು ಗುಂಪಿಗೆ ತೂಕದಲ್ಲಿ ಶೇಕಡಾ 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇಷ್ಟೇ ಗುರಿ. ಸುಮಾರು ಮೂರು ವರ್ಷದಲ್ಲಿ, ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರಿಗೆ ಹೋಲಿಸಿದರೆ ಆ ಗುಂಪಿನಲ್ಲಿ ಡಯಾಬಿಟಿಸ್ ಬರುವುದು ಶೇಕಡಾ 58 ಕಡಿಮೆಯಾಯಿತು. ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇಕಡಾ 31. ಅದಕ್ಕೂ ಒಂದು ವರ್ಷ ಮುಂಚೆ ಫಿನ್‌ಲೆಂಡಿನ ಅಧ್ಯಯನದಲ್ಲೂ ಇದೇ 58 ಬಂದಿತ್ತು. ನಡಿಗೆ ಮಾತ್ರೆಯನ್ನು ಹಿಂದೆ ಹಾಕಿದ್ದು ನನಗೆ ಆಗ ನಂಬಲಾಗದ ಸುದ್ದಿಯಾಗಿತ್ತು. ಇದರಲ್ಲಿ ಮಾಯವೇನಿಲ್ಲ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿಗೆ ಕಾಯದೆಯೇ ರಕ್ತದ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ, ಲಿವರಿನಲ್ಲಿ ಕೂತ ಕೊಬ್ಬು ಕರಗಿದಂತೆ ಅದರ ಕಿವುಡೂ ಕಡಿಮೆಯಾಗುತ್ತದೆ.

ನಾನು ಉಳಿಸಿಕೊಂಡದ್ದು ಸ್ವಲ್ಪವೇ. ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ನಡಿಗೆ. ಸಿಹಿ ಪಾನೀಯ ಪೂರ್ತಿ ಬಂದ್. ತಟ್ಟೆಯಲ್ಲಿ ತರಕಾರಿ, ಕಾಳು ಹೆಚ್ಚು, ಹಿಟ್ಟು-ಧಾನ್ಯ ಮೊದಲಿನ ಮುಕ್ಕಾಲು. ವಾರಕ್ಕೆರಡು ದಿನ ಭಾರ ಎತ್ತುವ ವ್ಯಾಯಾಮ, ಅದರಲ್ಲೂ ಒಂದು ದಿನ ತಪ್ಪುವುದೇ ಹೆಚ್ಚು. ನೀವು ತೆಳ್ಳಗಿದ್ದರೆ ತೂಕದ ಮಾತು ನಿಮಗೆ ಅನ್ವಯಿಸಲಿಕ್ಕಿಲ್ಲ, ಪ್ರಶ್ನೆಯಲ್ಲಿ ತೂಕವನ್ನೇ ಬರೆದಿಲ್ಲ. ಕಷಾಯ, ಪುಡಿ, ಬೀಜ ಎಂದು ನಿಮಗೆ ಕಳಿಸುವವರು ಈಗಾಗಲೇ ಶುರುಮಾಡಿರುತ್ತಾರೆ. ಅದಕ್ಕೆ ಖರ್ಚುಮಾಡುವ ದುಡ್ಡಿನಲ್ಲಿ ಒಳ್ಳೆಯ ಷೂ ಕೊಳ್ಳಿ.

ಕಾಯದೆ ಡಾಕ್ಟರ ಹತ್ತಿರ ಓಡಬೇಕಾದದ್ದೂ ಇದೆ: ತಡೆಯಲಾರದ ಬಾಯಾರಿಕೆ, ರಾತ್ರಿಯಿಡೀ ಮೂತ್ರಕ್ಕೆ ಏಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಣ್ಣು ಮಂಜಾಗುವುದು. ಇವುಗಳ ಜೊತೆ ಯಾವ ಹೊತ್ತಿನಲ್ಲಾದರೂ 200 ದಾಟಿದರೆ ಅದೇ ದಿನ ಹೋಗಿ. ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಲ್ಲುತ್ತಾ ಹೋಗುವ ಟೈಪ್ 1 ಡಯಾಬಿಟಿಸ್ ದೊಡ್ಡವರಿಗೂ ಬರುತ್ತದೆ, ಅದು ಹೀಗೆ ಬರಬಹುದು. ನೀವು ಬರೆದದ್ದರಲ್ಲಿ ಇವ್ಯಾವುದೂ ಇಲ್ಲ.

ಐದು ವರ್ಷದಲ್ಲಿ ನನ್ನ ಫಾಸ್ಟಿಂಗ್ 111, 104, 99, 106, ಈ ಸಲ 102. ವರ್ಷಕ್ಕೊಮ್ಮೆ ನೋಡುತ್ತೇನೆ, ಫೈಲಿಗೆ ಹಾಕುತ್ತೇನೆ. 106 ಬಂದ ವರ್ಷ ಒಂದು ವಾರ ಮನಸ್ಸು ಕೆಟ್ಟಿತ್ತು, ಸುಳ್ಳೇಕೆ ಹೇಳಲಿ. ಮೀಟರ್ ಎಲ್ಲಿದೆಯೋ ಗೊತ್ತಿಲ್ಲ, ಸ್ಟ್ರಿಪ್‌ಗಳ ಅವಧಿ ಯಾವಾಗಲೋ ಮುಗಿದಿರಬೇಕು.

ಅಮ್ಮನಿಗೆ ಹೇಳಿ. ಅವರಿಗೆ ಎಷ್ಟನೇ ವಯಸ್ಸಿಗೆ ಬಂತು, ನಿಮ್ಮನ್ನು ಹೊತ್ತಿದ್ದಾಗ ಶುಗರ್ ಇತ್ತಾ, ಅವರ ತಂದೆ-ತಾಯಿಗೆ ಇತ್ತಾ ಎಂದು ಡಾಕ್ಟರು ನಿಮ್ಮನ್ನು ಕೇಳಿಯೇ ಕೇಳುತ್ತಾರೆ, ಉತ್ತರ ಅಮ್ಮನ ಹತ್ತಿರವೇ ಇದೆ. ನಾನು ಮೂರು ತಿಂಗಳು ಮುಚ್ಚಿಟ್ಟು ಕೊನೆಗೆ ಹೇಳಿದಾಗ ನನ್ನಮ್ಮ ಎಂದದ್ದು, ‘ಗೊತ್ತು ಕಣೋ, ದಿನಾ ರಾತ್ರಿ ಒಬ್ಬನೇ ಯಾಕೆ ಓಡಾಡ್ತಿದ್ದೀಯ ಅಂತ ನಂಗೆ ತಿಳಿಯಲ್ವಾ? ನಾಳೆಯಿಂದ ನಾನೂ ಬರ್ತೀನಿ.’